ಟ್ರಾನ್ಸ್‌ಫಾರ್ಮೇಶನ್ ಪ್ರಾಕ್ಟಿಕಲ್: ಅಪಾಯ ಯಾವ ಬಾಟಲಿಯಲ್ಲಿದೆ?

ಪ್ರಶ್ನೆ: ನಾನು ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತೇನೆ. ಮುಂದಿನ ತಿಂಗಳು ಕೊನೆಯ ವರ್ಷದ 24 ಮಕ್ಕಳಿಗೆ ಬ್ಯಾಕ್ಟೀರಿಯಾ ಟ್ರಾನ್ಸ್‌ಫಾರ್ಮೇಶನ್, ಅಂದರೆ ಹೊರಗಿನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುವ ಪ್ರಾಕ್ಟಿಕಲ್ ಮಾಡಿಸಬೇಕು. ಇ. ಕೋಲಿ ಡಿಎಚ್5-ಆಲ್ಫಾ ತಳಿ, ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ತಡೆಯುವ ಜೀನ್ ಇರುವ ಪಿಯುಸಿ19 ಪ್ಲಾಸ್ಮಿಡ್ (ಡಿಎನ್‌ಎಯ ಸಣ್ಣ ಉಂಗುರ), ಕ್ಯಾಲ್ಸಿಯಂ ಕ್ಲೋರೈಡ್ ವಿಧಾನ, ಕೊನೆಗೆ ಆಂಪಿಸಿಲಿನ್ ಮತ್ತು ಎಕ್ಸ್-ಗ್ಯಾಲ್ (ಬಣ್ಣದಿಂದ ಫಲಿತಾಂಶ ತೋರಿಸುವ ವಸ್ತು) ಹಾಕಿದ ಪ್ಲೇಟ್. ಮೊದಲು ರಿಸ್ಕ್ ಅಸೆಸ್‌ಮೆಂಟ್ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಸಿಕ್ಕ ಮಾದರಿಗಳಲ್ಲೆಲ್ಲ ಗ್ಲವ್ಸ್ ಹಾಕಿ, ಏಪ್ರನ್ ಹಾಕಿ ಎಂದಷ್ಟೇ ಇದೆ. ಈ ನಡುವೆ ಪೋಷಕರೊಬ್ಬರು ಫೋನ್ ಮಾಡಿ, "ಆಂಟಿಬಯೋಟಿಕ್‌ಗೂ ಸಾಯದ ಬ್ಯಾಕ್ಟೀರಿಯಾ ಮಾಡಿಸ್ತೀರಂತೆ, ಹೌದಾ?" ಎಂದು ಕೇಳಿದರು. ನಿಜವಾಗಿ ಯಾವುದಕ್ಕೆ ಹೆದರಬೇಕು? ಬರೆಯೋದನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೇಡಂ, ಮೊದಲು ಒಂದು ಲೆಕ್ಕ ಹಾಕೋಣ. ಪೆನ್ನು ಹಿಡಿದು ನೀವೂ ಜೊತೆಗೆ ಬನ್ನಿ.

24 ಮಕ್ಕಳು ಅಂದರೆ 12 ಜೋಡಿ. ಜೋಡಿಗೆ ನಾಲ್ಕು ಪ್ಲೇಟ್ ಎಂದುಕೊಂಡರೆ 48 ಪ್ಲೇಟ್. ಒಂದಕ್ಕೆ 20 ಮಿಲಿ ಲೀಟರ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ), ಒಟ್ಟು ಹೆಚ್ಚು ಕಡಿಮೆ ಒಂದು ಲೀಟರ್. ಅದರಲ್ಲಿ ಅರ್ಧ, ಅಂದರೆ 24 ಪ್ಲೇಟಿಗೆ ಆಂಪಿಸಿಲಿನ್ ಬೇಕು. ಮಿಲಿ ಲೀಟರಿಗೆ 100 ಮೈಕ್ರೋಗ್ರಾಂ ಲೆಕ್ಕದಲ್ಲಿ ಒಟ್ಟು 48 ಮಿಲಿಗ್ರಾಂ. ಒಂದು ಚಿಟಿಕೆಯೂ ಅಲ್ಲ. ಎಕ್ಸ್-ಗ್ಯಾಲ್ ದ್ರಾವಣ ಪ್ಲೇಟಿಗೆ 40 ಮೈಕ್ರೋಲೀಟರ್, 24 ಪ್ಲೇಟಿಗೆ ಒಂದು ಮಿಲಿ ಲೀಟರಿಗಿಂತ ಸ್ವಲ್ಪ ಕಡಿಮೆ. ಅದನ್ನು ಕರಗಿಸಲು ಬಳಸುವ ಡೈಮೀಥೈಲ್ ಫಾರ್ಮಮೈಡ್ ಅಷ್ಟೇ, ಒಂದು ಮಿಲಿ ಲೀಟರ್. ಕ್ಯಾಲ್ಸಿಯಂ ಕ್ಲೋರೈಡ್ 0.1 ಮೋಲಾರ್, 100 ಮಿಲಿ ಲೀಟರ್ ಮಾಡಿದರೆ ಒಂದೂವರೆ ಗ್ರಾಂ.

ಇನ್ನು ಸ್ಪಿರಿಟ್. ಸ್ಪ್ರೆಡರ್ ಅದ್ದಲು ಪ್ರತಿ ಮೇಜಿಗೆ ಒಂದು ಬೀಕರ್ ಇಡುತ್ತೀರಿ, ಅಲ್ವಾ? ಆರು ಮೇಜು, ಬೀಕರಿಗೆ 100 ಮಿಲಿ ಲೀಟರ್. 600 ಮಿಲಿ ಲೀಟರ್ ಎಥನಾಲ್, ಬಾಯಿ ತೆರೆದ ಪಾತ್ರೆಯಲ್ಲಿ, ಉರಿಯುವ ಬರ್ನರಿನಿಂದ ಒಂದು ಗೇಣು ದೂರದಲ್ಲಿ.

ನೀವು ನೋಡಿದ ಮಾದರಿಗಳಲ್ಲಿ ಈ ಕೊನೆಯ ಸಾಲು ಎಷ್ಟನೇ ಪುಟದಲ್ಲಿತ್ತು? ಬಹುಶಃ ಇರಲೇ ಇಲ್ಲ. ಅದಕ್ಕೇ ಈ ಲೆಕ್ಕವನ್ನು ಮೊದಲು ಇಟ್ಟೆ. ನಾವು ಬಾಟಲಿ ಮೇಲಿನ ಹೆಸರು ನೋಡಿ ಹೆದರುತ್ತೇವೆ. ಹೆಸರು ಉದ್ದ ಇದ್ದಷ್ಟೂ ಜಾಸ್ತಿ ಹೆದರುತ್ತೇವೆ. ದಿನಾ ಕೈಯಾಡಿಸುವ ಸ್ಪಿರಿಟ್ಟಿಗೆ ಹೆದರೋದೇ ಇಲ್ಲ.

ವಸ್ತುವಿನಲ್ಲಿರುವ ಕೆಡುಕು ಬೇರೆ, ಅದು ನಮಗೆ ತಟ್ಟುವ ಸಾಧ್ಯತೆ ಬೇರೆ. ಕಟ್ಟೆ ಕಟ್ಟಿದ ಬಾವಿ, ಕಟ್ಟೆ ಇಲ್ಲದ ಬಾವಿ ಎರಡರ ಆಳವೂ 40 ಅಡಿ ಇರಬಹುದು. ಮಕ್ಕಳು ಆಡುವ ಅಂಗಳದಲ್ಲಿ ನೀವು ಯಾವುದನ್ನು ಮೊದಲು ಮುಚ್ಚುತ್ತೀರಿ? ರಿಸ್ಕ್ ಅಸೆಸ್‌ಮೆಂಟ್ ಕೇಳುವುದು ಆ ಪ್ರಶ್ನೆಯನ್ನೇ. ಆಳವನ್ನು ಸೇಫ್ಟಿ ಡೇಟಾ ಶೀಟ್ ಹೇಳುತ್ತದೆ. ಕಟ್ಟೆ ಇದೆಯೋ ಇಲ್ಲವೋ ಎನ್ನುವುದನ್ನು ನಿಮ್ಮ ಲ್ಯಾಬಿಗೆ ಹೋಗಿ ನೀವೇ ನೋಡಬೇಕು. ಬೇರೆ ಕಾಲೇಜಿನ ಹಾಳೆ ನಕಲು ಮಾಡಿದರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

ಹಾಗಾಗಿ ರಾಸಾಯನಿಕಗಳ ಪಟ್ಟಿಯಿಂದ ಶುರು ಮಾಡಬೇಡಿ. ಪ್ರೋಟೋಕಾಲ್ ಹಾಳೆ ಎದುರಿಗಿಟ್ಟುಕೊಳ್ಳಿ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ: ಈ ಹೊತ್ತಿಗೆ ಹುಡುಗಿಯ ಬಲಗೈ ಎಲ್ಲಿದೆ, ಎಡಗೈ ಎಲ್ಲಿದೆ, ಮುಖ ಎಷ್ಟು ಹತ್ತಿರ ಇದೆ, ಏನು ಬಿಸಿ ಇದೆ, ಏನು ಚೆಲ್ಲಬಹುದು, ಚೆಲ್ಲಿದರೆ ಯಾರ ಮೇಲೆ?

ಹೀಗೆ ಬೆರಳಿಟ್ಟುಕೊಂಡು ಹೋದರೆ ಮೊದಲು ಎಡವುವುದು ಪ್ಲೇಟಿಂಗ್, ಅಂದರೆ ಬ್ಯಾಕ್ಟೀರಿಯಾವನ್ನು ಪ್ಲೇಟಿನ ಮೇಲೆ ಹರಡುವ ಹಂತದಲ್ಲಿ. ಆ ಹಂತವನ್ನು ಹತ್ತಿರದಿಂದ ನೋಡಿ. ಎಲ್ ಆಕಾರದ ಗಾಜಿನ ಸ್ಪ್ರೆಡರನ್ನು ಸ್ಪಿರಿಟ್ಟಿನಲ್ಲಿ ಅದ್ದುತ್ತಾರೆ. ತೆಗೆದು ಬರ್ನರಿಗೆ ತೋರಿಸುತ್ತಾರೆ. ಭಗ್ ಎಂದು ಹತ್ತಿ ಆರುತ್ತದೆ. ತಣ್ಣಗಾದ ಮೇಲೆ ಪ್ಲೇಟ್ ಮೇಲೆ ಆಡಿಸುತ್ತಾರೆ. ಮತ್ತೆ ಬೀಕರಿನಲ್ಲಿ ಅದ್ದುತ್ತಾರೆ. ಮೊದಲ ಪ್ಲೇಟಿಗೆ ಎಲ್ಲರೂ ಹುಷಾರಾಗಿರುತ್ತಾರೆ. ಮೂರನೇ ಪ್ಲೇಟಿಗೆ ಕೈಗೆ ಅಭ್ಯಾಸ ಬಂದಿರುತ್ತದೆ, ಬಸ್ಸಿಗೆ ಹೊತ್ತಾಗಿರುತ್ತದೆ. ಸ್ಪ್ರೆಡರಿನ ಜ್ವಾಲೆ ಪೂರ್ತಿ ಆರಿದೆಯೋ ಇಲ್ಲವೋ ನೋಡದೆ ಬೀಕರಿಗೆ ಇಳಿಸುತ್ತಾರೆ. ಬೀಕರ್ ಹೊತ್ತಿಕೊಳ್ಳುತ್ತದೆ.

ಎಥನಾಲ್ ಜ್ವಾಲೆ ತಿಳಿ ನೀಲಿ. ಕಿಟಕಿಯಿಂದ ಬಿಸಿಲು ಬೀಳುತ್ತಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. 70 ಪರ್ಸೆಂಟ್ ಎಥನಾಲ್ ಸುಮಾರು 17 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಾಗಿದರೆ ಹತ್ತುವಷ್ಟು ಆವಿ ಬಿಡುತ್ತದೆ. ಚಳಿಗಾಲದ ಬೆಳಗಿನಲ್ಲೂ ನಮ್ಮ ಲ್ಯಾಬುಗಳು ಅದಕ್ಕಿಂತ ಬೆಚ್ಚಗೇ ಇರುತ್ತವೆ. ನೀರು ಬೆರೆಸಿದ ಸ್ಪಿರಿಟ್ ಅಲ್ವಾ, ಹತ್ತಲ್ಲ ಎಂದು ಅಂದುಕೊಳ್ಳಬೇಡಿ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಕಣ್ಣಾರೆ ಕಂಡೆ. ಬೀಕರ್ ಹೊತ್ತಿಕೊಂಡಿತು. ಹುಡುಗ ಒಳ್ಳೆಯವನು, ಯಾರಿಗೂ ತೊಂದರೆ ಆಗಬಾರದು ಎಂದು ಉರಿಯುತ್ತಿದ್ದ ಬೀಕರನ್ನೇ ಎತ್ತಿಕೊಂಡು ಸಿಂಕಿನ ಕಡೆ ಓಡಿದ. ನಾಲ್ಕು ಹೆಜ್ಜೆ. ಬಿಸಿ ತಾಳಲಾರದೆ ಕೈ ಅಲುಗಿತು, ಸ್ಪಿರಿಟ್ ಅವನ ಮಣಿಕಟ್ಟಿನ ಮೇಲೂ ನೆಲದ ಮೇಲೂ ಚೆಲ್ಲಿತು. ನೆಲದ ಮೇಲಿನ ಬೆಂಕಿ ಒಬ್ಬ ಹುಡುಗಿಯ ಚಪ್ಪಲಿವರೆಗೆ ಹೋಯಿತು. ಕೈ ವಾಸಿಯಾಯಿತು, ಕಲೆ ಉಳಿಯಿತು. ಬೀಕರನ್ನು ಇದ್ದ ಜಾಗದಲ್ಲೇ ಬಿಟ್ಟು ಮೇಲೆ ಒಂದು ಗಾಜಿನ ಪ್ಲೇಟ್ ಮುಚ್ಚಿದ್ದರೆ ಎರಡು ಸೆಕೆಂಡಿನಲ್ಲಿ ಆರುತ್ತಿತ್ತು. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ.

ಇದಕ್ಕೆ ಪರಿಹಾರ ಏನು? "ಎಚ್ಚರಿಕೆಯಿಂದ ಇರಿ" ಎಂದು ಬರೆಯೋದಲ್ಲ. ಬೀಕರನ್ನೇ ಮೇಜಿನಿಂದ ತೆಗೆಯೋದು. ಗಾಜಿನ ಸ್ಪ್ರೆಡರುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಒಂದೊಂದಾಗಿ ಸುತ್ತಿ ಹಿಂದಿನ ದಿನವೇ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡಿ ಇಡಿ. 48 ಪ್ಲೇಟಿಗೆ 48 ಸ್ಪ್ರೆಡರ್ ಇಲ್ಲದಿದ್ದರೆ ಆಟೋಕ್ಲೇವ್ ಮಾಡಿದ ಗಾಜಿನ ಮಣಿ ಬಳಸಿ. ಪ್ಲೇಟಿಗೆ ನಾಲ್ಕೈದು ಮಣಿ ಹಾಕಿ ಅಲುಗಾಡಿಸಿದರೆ ದ್ರಾವಣ ಚೆನ್ನಾಗಿ ಹರಡುತ್ತದೆ. ಮಕ್ಕಳಿಗೆ ಇದು ಖುಷಿಯೂ ಹೌದು. ಆಗ ಸ್ಪಿರಿಟ್ ಬೀಕರ್ ಬೇಡ, ಬೆಂಕಿಯ ಭಯವೂ ಇಲ್ಲ. ನಿಮ್ಮ ಫಾರ್ಮಿನಲ್ಲಿ ಅತಿ ದೊಡ್ಡ ಅಪಾಯದ ಸಾಲೇ ಅಳಿಸಿ ಹೋಗುತ್ತದೆ. ಪ್ರಾಕ್ಟಿಕಲ್ಲಿಗೆ ಇದರಿಂದ ಏನೂ ನಷ್ಟವಿಲ್ಲ.

ಸಿಲಬಸ್ಸಿನಲ್ಲಿದೆ, ಜ್ವಾಲೆಯಲ್ಲಿ ಶುದ್ಧ ಮಾಡೋದನ್ನು ಕಲಿಸಲೇಬೇಕು ಎಂದಾದರೆ ಒಂದೇ ಮೇಜಿನಲ್ಲಿ, ನೀವು ನಿಂತು, ಒಬ್ಬೊಬ್ಬರಿಗೆ ಕಲಿಸಿ. ಅಗಲ ಬಾಯಿಯ ಬೀಕರ್ ಬೇಡ, ಉರುಳದ ಗಾಜಿನ ಪಾತ್ರೆಯಲ್ಲಿ ಎರಡು ಬೆರಳು ಎತ್ತರದಷ್ಟೇ ಸ್ಪಿರಿಟ್ ಇರಲಿ. ಅದರ ಮುಚ್ಚಳ ಪಕ್ಕದಲ್ಲೇ ಇರಲಿ. ಕೈ ತೊಳೆದ ಸ್ಯಾನಿಟೈಸರ್ ಪೂರ್ತಿ ಒಣಗುವ ತನಕ ಬರ್ನರ್ ಹತ್ತಿರ ಬರಬಾರದು. ಮೇಜು ಒರೆಸಿದ ಸ್ಪಿರಿಟ್ಟಿಗೂ ಇದೇ ಮಾತು. ಬಾಗಿಲ ಹತ್ತಿರ ಒಂದು ಉಣ್ಣೆ ಕಂಬಳಿ ಮಡಚಿಡಿ. ಉಣ್ಣೆ ಬೇಗ ಹತ್ತುವುದಿಲ್ಲ, ಕರಗಿ ಚರ್ಮಕ್ಕೆ ಅಂಟುವುದೂ ಇಲ್ಲ.

ಬಟ್ಟೆಯ ಮಾತನ್ನು ಒಂದು ನಿಮಿಷ ಹೇಳಿಬಿಡುತ್ತೇನೆ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಲ್ಯಾಬ್ ಒಂದರಲ್ಲಿ 23 ವರ್ಷದ ಸಂಶೋಧನಾ ಸಹಾಯಕಿ ಗಾಳಿ ತಾಗಿದರೆ ಉರಿಯುವ ರಾಸಾಯನಿಕವೊಂದನ್ನು ಸಿರಿಂಜಿನಲ್ಲಿ ತೆಗೆಯುತ್ತಿದ್ದರು. ಪಿಸ್ಟನ್ ಕಳಚಿ ಬೆಂಕಿ ಹತ್ತಿತು. ಮೈಮೇಲೆ ಲ್ಯಾಬ್ ಕೋಟ್ ಇರಲಿಲ್ಲ, ಸಿಂಥೆಟಿಕ್ ಸ್ವೆಟರ್ ಇತ್ತು. 18 ದಿನದ ನಂತರ ತೀರಿಕೊಂಡರು. ಅವರು ಬಳಸಿದ ರಾಸಾಯನಿಕ ನಿಮ್ಮ ಲ್ಯಾಬಿಗೆ ಬರುವುದಿಲ್ಲ. ಸಿಂಥೆಟಿಕ್ ಬಟ್ಟೆ ಮಾತ್ರ ದಿನಾ ಬರುತ್ತದೆ. ಅದಕ್ಕೇ ಹತ್ತಿಯ ಏಪ್ರನ್, ಗುಂಡಿ ಹಾಕಿದ ಏಪ್ರನ್. ವೇಲ್ ಇದ್ದರೆ ಏಪ್ರನ್ ಒಳಗೆ ಸೇರಿಸಿ ಪಿನ್ ಮಾಡಿ, ಇಲ್ಲವೇ ತೆಗೆದಿಟ್ಟು ಬರಲಿ. ಜಡೆ ಕಟ್ಟಿರಲಿ. ಬೆಂಕಿಯ ಹತ್ತಿರ ಗ್ಲವ್ಸ್ ಬೇಡ, ಹತ್ತಿದರೆ ಕರಗಿ ಬೆರಳಿಗೆ ಅಂಟುತ್ತದೆ. "ಯಾವಾಗಲೂ ಗ್ಲವ್ಸ್ ಹಾಕಿ" ಎನ್ನುವ ಮಾದರಿ ಹಾಳೆ ತಪ್ಪುವುದು ಇಲ್ಲೇ.

ಇನ್ನು ಬಿಸಿ. ಅಗಾರ್ ಕರಗಿಸಿದ ಬಾಟಲಿಯನ್ನು ಮೈಕ್ರೋವೇವಿನಿಂದ ತೆಗೆದು ಅಲುಗಿಸಿದ ತಕ್ಷಣ ಉಕ್ಕಿ ಕೈಗೆ ಬರುವುದುಂಟು. ನೀರಿನಂತೆ ಹರಿದು ಹೋಗದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಹಾಗಾಗಿ ಸುಟ್ಟ ಗಾಯ ಆಳವಾಗುತ್ತದೆ. ಮುಚ್ಚಳ ಸಡಿಲ ಮಾಡಿ ಕಾಯಿಸಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಆಟೋಕ್ಲೇವಿನ ಒತ್ತಡ ಸೊನ್ನೆಗೆ ಇಳಿಯದೆ ಮುಚ್ಚಳ ಮುಟ್ಟಬಾರದು ಎನ್ನುವುದು ಮನೆಯಲ್ಲಿ ಕುಕ್ಕರ್ ಇಟ್ಟವರಿಗೆಲ್ಲ ಗೊತ್ತು. ಈ ಎರಡೂ ಕೆಲಸ ಮಕ್ಕಳದ್ದಲ್ಲ, ಹಿಂದಿನ ದಿನ ನೀವು ಮತ್ತು ಅಟೆಂಡರ್ ಮಾಡುವುದು. ಹಾಗಾಗಿ ಫಾರ್ಮಿನ "ಯಾರಿಗೆ ಅಪಾಯ" ಕಾಲಂನಲ್ಲಿ ಅಟೆಂಡರ್ ಹೆಸರು ಬರಬೇಕು. ಅವರನ್ನು ಮರೆತ ಫಾರ್ಮುಗಳನ್ನೇ ನಾನು ಜಾಸ್ತಿ ನೋಡಿದ್ದೇನೆ.

42 ಡಿಗ್ರಿಯ ವಾಟರ್ ಬಾತ್ ಯಾರನ್ನೂ ಸುಡುವುದಿಲ್ಲ. ಆದರೆ ಅದರ ಪ್ಲಗ್ ನೆಲದ ಮೇಲಿನ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹೋಗಿದ್ದರೆ, ಐಸ್ ಬಾಕ್ಸಿನ ನೀರು ಅಲ್ಲೇ ತೊಟ್ಟಿಕ್ಕುತ್ತಿದ್ದರೆ, ಅದನ್ನು ಬರೆಯಿರಿ. ಬಾಕ್ಸನ್ನು ಮೇಜಿನ ಮೇಲಕ್ಕೆ ಎತ್ತಿ.

ಈಗ ರಾಸಾಯನಿಕಗಳು. ಕ್ಯಾಲ್ಸಿಯಂ ಕ್ಲೋರೈಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀರಿಲ್ಲದ ಪುಡಿ ಕರಗುವಾಗ ಬಿಸಿಯಾಗುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಕನ್ನಡಕ ಹಾಕಿ ಕರಗಿಸಿದರೆ ಮುಗಿಯಿತು. ಮಕ್ಕಳ ಕೈಗೆ ಸಿಗುವ ತೆಳು ದ್ರಾವಣದಲ್ಲಿ ಏನೂ ಇಲ್ಲ.

ಎಕ್ಸ್-ಗ್ಯಾಲ್ ಪುಡಿಗಿಂತ ಅದನ್ನು ಕರಗಿಸುವ ಡೈಮೀಥೈಲ್ ಫಾರ್ಮಮೈಡಿನ ಮೇಲೆ ಕಣ್ಣಿಡಿ. ಇದು ಯಕೃತ್ತಿಗೆ ಕೆಡುಕು, ಹೊಟ್ಟೆಯಲ್ಲಿರುವ ಮಗುವಿಗೂ ಕೆಡುಕು. ಉಸಿರಿನಲ್ಲಿ ಹೋಗುವುದರ ಜೊತೆಗೆ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ನೀಲಿ ನೈಟ್ರೈಲ್ ಗ್ಲವ್ಸ್ ಹಾಕಿದ್ದೀವಿ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಆ ತೆಳು ಗ್ಲವ್ಸನ್ನು ಅದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಗಂಟೆಗಟ್ಟಲೆ ತಡೆಯುವುದು ಬ್ಯೂಟೈಲ್ ರಬ್ಬರ್ ಗ್ಲವ್ಸ್. ಅದನ್ನು ತರಿಸಬೇಕಾ? ಬೇಡ. ಮೊದಲ ಲೆಕ್ಕ ನೆನಪಿಸಿಕೊಳ್ಳಿ, ಬೇಕಾಗಿರುವುದು ಒಂದು ಮಿಲಿ ಲೀಟರ್. ಬದಲಿಗೆ ಡೈಮೀಥೈಲ್ ಸಲ್ಫಾಕ್ಸೈಡಿನಲ್ಲಿ ಕರಗಿಸಿ, ಎಕ್ಸ್-ಗ್ಯಾಲ್ ಅದರಲ್ಲೂ ಕರಗುತ್ತದೆ. ಅದರ ಸ್ವಂತ ವಿಷ ಬಹಳ ಕಡಿಮೆ. ಆದರೆ ಚರ್ಮದೊಳಗೆ ಬೇಗ ನುಗ್ಗುತ್ತದೆ, ತನ್ನಲ್ಲಿ ಕರಗಿದ್ದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಮೇಲೆ ಚೆಲ್ಲಿದರೆ ಗ್ಲವ್ಸ್ ತಕ್ಷಣ ಬದಲಾಯಿಸಿ. ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ, ಗಾಬರಿಯಾಗಬೇಡಿ, ಸುಮಾರು 18 ಡಿಗ್ರಿಗೇ ಹೆಪ್ಪುಗಟ್ಟುವ ದ್ರವ ಅದು. ಪ್ಲೇಟಿಗೆ ಎಕ್ಸ್-ಗ್ಯಾಲ್ ಹಚ್ಚುವುದನ್ನೂ ನೀವೇ ಹಿಂದಿನ ಸಂಜೆ ಮುಗಿಸಿ. ಮಕ್ಕಳಿಗೆ ಒಣಗಿದ ಪ್ಲೇಟ್ ಸಿಗಲಿ.

ಆಂಪಿಸಿಲಿನ್ ವಿಷಯ ಸ್ವಲ್ಪ ಬೇರೆ, ಅದು ಪೆನಿಸಿಲಿನ್ ಗುಂಪಿನದ್ದು. 48 ಮಿಲಿಗ್ರಾಂ ಪುಡಿ ಬಹುತೇಕ ಎಲ್ಲರಿಗೂ ಏನೂ ಮಾಡುವುದಿಲ್ಲ. ಆದರೆ ಪೆನಿಸಿಲಿನ್ ಅಲರ್ಜಿ ಇರುವ ಒಬ್ಬರಿಗೆ, ತೂಕದ ಯಂತ್ರದ ಪಕ್ಕ ಹಾರಿದ ಧೂಳು ಸಾಕಾಗಬಹುದು. ಮೈಯೆಲ್ಲ ದದ್ದು, ತುಟಿ ಊತ, ಉಸಿರು ಕಟ್ಟುವುದು. ಸರಾಸರಿ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಆ ಒಬ್ಬರು ಯಾರು ಎಂದು ಗೊತ್ತಿರಬೇಕು. ರೆಡಿ ದ್ರಾವಣ ಸಿಕ್ಕರೆ ಅದನ್ನೇ ತರಿಸಿ. ಇಲ್ಲದಿದ್ದರೆ ಅಲರ್ಜಿ ಇಲ್ಲದ ಒಬ್ಬರು, ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿ, ಮಕ್ಕಳು ಇಲ್ಲದ ಹೊತ್ತಿನಲ್ಲಿ ಒಂದೇ ಸಲ ತೂಗಿ ಕರಗಿಸಿಡಲಿ. ನೀರಿಗಿಳಿದ ಮೇಲೆ ಧೂಳಿನ ಸಮಸ್ಯೆ ಮುಗಿಯಿತು.

ಒಂದು ಮಾತು ನೀವು ಬರೆದಿಲ್ಲ. ಇದೇ ವಾರ ಪ್ಲಾಸ್ಮಿಡ್ ತೆಗೆಯುವುದು, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ನೋಡಲು ಜೆಲ್ ಓಡಿಸುವುದು ಕೂಡ ಇದೆಯಾ? ಇದ್ದರೆ ಅದಕ್ಕೆ ಬೇರೆ ಫಾರ್ಮ್ ಬರೆಯಿರಿ, ಒಂದೇ ಹಾಳೆಯಲ್ಲಿ ತುರುಕಬೇಡಿ. ಅಲ್ಲಿನ ಅಪಾಯಗಳ ಜಾತಿಯೇ ಬೇರೆ. ಫೀನಾಲ್ ಬಿದ್ದರೆ ಚರ್ಮ ಮರಗಟ್ಟುತ್ತದೆ, ಸುಟ್ಟದ್ದೇ ಗೊತ್ತಾಗುವುದಿಲ್ಲ. ಕ್ಲೋರೋಫಾರ್ಮ್ ನೈಟ್ರೈಲ್ ಗ್ಲವ್ಸನ್ನು ನೋಡನೋಡುತ್ತ ದಾಟುತ್ತದೆ. ಡಿಗ್ರಿ ಮಕ್ಕಳ ಪ್ರಾಕ್ಟಿಕಲ್ಲಿನಲ್ಲಿ ಇವೆರಡೂ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಇಟಿಬಿಆರ್, ಅಂದರೆ ಎಥಿಡಿಯಂ ಬ್ರೋಮೈಡ್, ಡಿಎನ್‌ಎ ಮೆಟ್ಟಿಲುಗಳ ನಡುವೆ ಸೇರಿಕೊಳ್ಳುವ ಬಣ್ಣ. ಏಮ್ಸ್ ಪರೀಕ್ಷೆ ಎಂದರೆ ಒಂದು ವಸ್ತು ಜೀನ್ ಬದಲಾಯಿಸುತ್ತದೆಯೇ ಎಂದು ಬ್ಯಾಕ್ಟೀರಿಯಾ ಬಳಸಿ ನೋಡುವುದು; ಯಕೃತ್ತಿನ ಸಾರದ ಜೊತೆಯಲ್ಲಿ ಅದನ್ನು ಮಾಡಿದಾಗ ಈ ಬಣ್ಣ ಜೀನ್ ಬದಲಾವಣೆ ತರುವುದು ಕಂಡುಬಂದಿದೆ. ಅದಕ್ಕೆ ಗೌರವ ಕೊಡಿ, ಪುಡಿ ತೂಗಬೇಡಿ, ತೆಳು ದ್ರಾವಣ ತರಿಸಿ. ಆದರೆ ಜೆಲ್ ನೋಡುವ ಯುವಿ ಬೆಳಕು ಅವತ್ತೇ ತೊಂದರೆ ಕೊಡುವಂಥದ್ದು. ಮುಖಕವಚ ಇಲ್ಲದೆ ನಾಲ್ಕು ನಿಮಿಷ ಬಗ್ಗಿ ನೋಡಿದವರು ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ನರಳುತ್ತಾರೆ. ಅಷ್ಟು ಹೊತ್ತಿಗೆ ಬೆಳಗಿನ ಪ್ರಾಕ್ಟಿಕಲ್ ನೆನಪಿಗೂ ಬರುವುದಿಲ್ಲ. ಲ್ಯಾಮಿನಾರ್ ಒಳಗಿನ ಯುವಿ ದೀಪಕ್ಕೂ ಇದೇ ಮಾತು, ಆರಿಸಿಯೇ ಕೈ ಹಾಕಬೇಕು.

ಲ್ಯಾಮಿನಾರ್ ಎಂದ ಮೇಲೆ ಇದನ್ನೂ ಹೇಳಬೇಕು. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಹಿಂದಿನಿಂದ ಮುಂದಕ್ಕೆ ಗಾಳಿ ಬೀಸುವ ಪೆಟ್ಟಿಗೆ. ಅದು ಪ್ಲೇಟನ್ನು ಕಾಪಾಡುತ್ತದೆ, ಮುಂದೆ ಕೂತವರನ್ನಲ್ಲ. ಒಳಗಿನ ಗಾಳಿ ನೇರ ಮುಖಕ್ಕೆ ಬರುತ್ತದೆ. ಡಿಎಚ್5-ಆಲ್ಫಾ ಜೊತೆ ಕೆಲಸ ಮಾಡಲು ತೊಂದರೆಯಿಲ್ಲ. ಅದರೊಳಗೆ ಕೂತು ರಾಸಾಯನಿಕ ಬೆರೆಸುವುದು, "ಸುರಕ್ಷಿತ ಪೆಟ್ಟಿಗೆ" ಎಂದು ಫಾರ್ಮಿನಲ್ಲಿ ಬರೆಯುವುದು ಎರಡೂ ತಪ್ಪು.

ಪೋಷಕರು ಕೇಳಿದ್ದಕ್ಕೆ ಬರೋಣ. ಅವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ, ಅದು ಒಳ್ಳೆಯ ಪ್ರಶ್ನೆ. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಆಸಿಲೊಮಾರ್‌ನಲ್ಲಿ ಈ ವಿದ್ಯೆಯನ್ನು ಕಂಡುಹಿಡಿದ ವಿಜ್ಞಾನಿಗಳೇ ಸೇರಿ ಕೂತು ಇದನ್ನೇ ಚರ್ಚೆ ಮಾಡಿದ್ದರು. ಪೋಷಕರಿಗೆ ಹೀಗೆ ಹೇಳಬಹುದು. ಡಿಎಚ್5-ಆಲ್ಫಾ ಕೆ-12 ಮನೆತನದ್ದು. ಕೆ-12ನ್ನು 1922ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಬ್ಬ ರೋಗಿಯ ಮಲದಿಂದ ಬೇರ್ಪಡಿಸಿದರು. ಅಲ್ಲಿಂದ ಇಲ್ಲಿವರೆಗೆ ಲ್ಯಾಬಿನ ಸುಖದ ಊಟ ತಿಂದು, ಕರುಳಿನಲ್ಲಿ ಬದುಕಲು ಬೇಕಾದ ಹೊರ ಕವಚದ ಸಕ್ಕರೆ ಸರಪಳಿಯನ್ನೇ ಅದು ಕಳೆದುಕೊಂಡಿದೆ. ಮನುಷ್ಯನ ಹೊಟ್ಟೆಯಲ್ಲಿ ನೆಲೆ ನಿಲ್ಲಲು ಅದಕ್ಕೆ ಕಷ್ಟ. ಕಾಯಿಲೆ ತಂದು ಸುದ್ದಿಯಲ್ಲಿ ಬರುವ ಇ. ಕೋಲಿ ಒ157 ಬೇರೆ, ಇದು ಬೇರೆ. ಪಿಯುಸಿ19 ಪ್ಲಾಸ್ಮಿಡ್ಡಿಗೆ ತಾನಾಗಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಜೀನುಗಳಿಲ್ಲ. "ಹಾಗಾದರೆ ಚರಂಡಿಗೆ ಸುರಿಯಬಹುದಾ?" ಎಂದು ಅವರು ಮುಂದೆ ಕೇಳಿದರೆ, ಇಲ್ಲ, ಒಂದು ತೊಟ್ಟೂ ಇಲ್ಲ ಎನ್ನಿ. ಕಾಯಿಲೆ ತರುವುದಿಲ್ಲ ಎನ್ನುವುದು ಆಂಪಿಸಿಲಿನ್ ತಡೆಯುವ ಜೀನನ್ನು ಊರ ನೀರಿಗೆ ಬಿಡಲು ಕಾರಣ ಆಗುವುದಿಲ್ಲ.

ದುರ್ಬಲ ತಳಿ ಎನ್ನುವ ಮಾತನ್ನೂ ಒಂದು ಮಿತಿಯಲ್ಲಿ ನಂಬಿ. ಮಾಲ್ಕಮ್ ಕ್ಯಾಸಡಬಾನ್ ಎಂಬ ಜೀನ್ ವಿಜ್ಞಾನಿ ಇದ್ದರು. ಟ್ರಾನ್ಸ್‌ಫಾರ್ಮೇಶನ್‌ಗೆ ಲ್ಯಾಬುಗಳಲ್ಲಿ ಬಳಸುವ ಎಂಸಿ1061 ತಳಿಯ ಎಂಸಿ ಅವರದೇ ಹೆಸರಿನ ಮೊದಲಕ್ಷರ. ಡಿಎಚ್10ಬಿ ತಳಿ ಬಂದದ್ದು ಅದರಿಂದ. ನಮ್ಮ ಕೆಲಸಕ್ಕೆ ಅಷ್ಟು ಹತ್ತಿರದ ಮನುಷ್ಯ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅವರು ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲ ತಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಮೈಯಿಂದ ಕಬ್ಬಿಣ ಎಳೆದುಕೊಳ್ಳುವ ಶಕ್ತಿ ಆ ತಳಿಗೆ ಇರಲಿಲ್ಲ, ಹಾಗಾಗಿ ಅದು ಸುರಕ್ಷಿತ ಎನಿಸಿಕೊಂಡಿತ್ತು. 2009ರ ಸೆಪ್ಟೆಂಬರಿನಲ್ಲಿ ಅದೇ ತಳಿಯ ಸೋಂಕಿನಿಂದ ಅವರು ತೀರಿಕೊಂಡರು. ಮರಣದ ನಂತರದ ಪರೀಕ್ಷೆಯಲ್ಲಿ ಗೊತ್ತಾಯಿತು, ಅವರಿಗೆ ಹುಟ್ಟಿನಿಂದಲೇ ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರುವ ಕಾಯಿಲೆ ಇತ್ತು. ಯಾರಿಗೂ ತಿಳಿದಿರಲಿಲ್ಲ. ಬ್ಯಾಕ್ಟೀರಿಯಾಕ್ಕೆ ಇಲ್ಲದಿದ್ದ ಶಕ್ತಿಯ ಕೊರತೆಯನ್ನು ಅವರ ಮೈಯೇ ತುಂಬಿಕೊಟ್ಟಿರಬೇಕು.

ಡಿಎಚ್5-ಆಲ್ಫಾ ಪ್ಲೇಗ್ ಅಲ್ಲ, ಅಂಥ ಭಯ ಬೇಡ. ಆದರೆ ಈ ಘಟನೆ ಓದಿದ ಮೇಲೆ ನಾನು ಫಾರ್ಮಿನಲ್ಲಿ ಒಂದು ಹೊಸ ಸಾಲು ಸೇರಿಸಿದೆ: ಕೆಲಸ ಮಾಡುವವರ ಮೈ ಹೇಗಿದೆ? ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕಿಡ್ನಿ ಕಸಿ ಆದವರು, ಕೈಯಲ್ಲಿ ಹಸಿ ಗಾಯ ಇರುವವರು, ಗರ್ಭಿಣಿಯರು, ಪೆನಿಸಿಲಿನ್ ಅಲರ್ಜಿ ಇರುವವರು. ಇದನ್ನು ಕ್ಲಾಸಿನಲ್ಲಿ ಕೈ ಎತ್ತಿಸಿ ಕೇಳಬೇಡಿ. ಯಾವ ಹುಡುಗಿ 23 ಜನರ ಮುಂದೆ ಎದ್ದು ನಿಂತು ಹೇಳುತ್ತಾಳೆ? ಹಿಂದಿನ ವಾರ ಎಲ್ಲರಿಗೂ ಒಂದು ಚೀಟಿ ಕೊಡಿ, ಬರೆದು ಮಡಚಿ ನಿಮ್ಮ ಕೈಗೇ ಕೊಡಲಿ. ಯಾರಿಗೂ ಪ್ರಾಕ್ಟಿಕಲ್ ತಪ್ಪಿಸಬೇಕಾಗಿಲ್ಲ. ಹಸಿ ಗಾಯಕ್ಕೆ ನೀರು ತಾಗದ ಪಟ್ಟಿ ಸಾಕು. ಅಲರ್ಜಿ ಇದ್ದವರಿಗೆ ಆಂಪಿಸಿಲಿನ್ ಇಲ್ಲದ ಪ್ಲೇಟ್ ಹರಡುವುದು, ಫಲಿತಾಂಶ ಎಣಿಸುವುದು ಕೊಡಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕಸಿ ಆದವರು ಮೊದಲು ತಮ್ಮ ಡಾಕ್ಟರನ್ನು ಒಂದು ಮಾತು ಕೇಳಿ ಬರಲಿ.

ಬಾಯಿಗೆ ಹೋಗುವ ದಾರಿಗಳನ್ನು ಮುಚ್ಚುವುದು ಸುಲಭ, ಆದರೂ ಬರೆಯಿರಿ. ಬಾಯಲ್ಲಿ ಪಿಪೆಟ್ ಎಳೆಯುವುದು ಇಂದಿಗೂ ಕೆಲವು ಕಡೆ ಇದೆ. ಕಲ್ಚರ್ ಇರುವ ಫ್ರಿಜ್ಜಿನಲ್ಲಿ ಟಿಫಿನ್ ಡಬ್ಬಿ ಇದೆ. ಇವೆರಡಕ್ಕಿಂತ ಈಗ ದೊಡ್ಡದು ಮೊಬೈಲ್. ಅದೇ ಗ್ಲವ್ಸಿನಲ್ಲಿ ಟ್ಯೂಬ್ ಹಿಡಿದು, ಅದೇ ಗ್ಲವ್ಸಿನಲ್ಲಿ ಪ್ಲೇಟಿನ ಫೋಟೋ ತೆಗೆದು, ಸಂಜೆ ಊಟ ಮಾಡುತ್ತಾ ಅದೇ ಫೋನ್. ಬಾಗಿಲ ಹತ್ತಿರ ಒಂದು ಟ್ರೇ ಇಡಿ. ಫೋಟೋ ತೆಗೆಯಲು ಗ್ಲವ್ಸ್ ಹಾಕದ ಒಬ್ಬರನ್ನು ನೇಮಿಸಿ.

ಕಸದ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪ್ರಾಕ್ಟಿಕಲ್ ಮುಗಿದು ಮಕ್ಕಳು ಹೋದ ಮೇಲೆ ಲ್ಯಾಬಿನಲ್ಲಿ ಉಳಿಯುವುದು ಅಟೆಂಡರ್ ಒಬ್ಬರೇ. ಟ್ಯೂಬ್, ಟಿಪ್‌ಗಳನ್ನು ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚ್ ದ್ರಾವಣ) ಮುಳುಗಿಸಿಡುತ್ತೀರಿ. ಅಂಗಡಿಯ ಹೈಪೋ ಸಾಮಾನ್ಯವಾಗಿ 4ರಿಂದ 5 ಪರ್ಸೆಂಟ್ ಇರುತ್ತದೆ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅವತ್ತೇ ಮಾಡಿದ್ದು, ಅರ್ಧ ಗಂಟೆ ಮುಳುಗಿರಬೇಕು. ಹಳೆಯ ಹೈಪೋಗೆ ಶಕ್ತಿ ಇರುವುದಿಲ್ಲ, ವಾಸನೆ ಮಾತ್ರ ಇರುತ್ತದೆ. ಇಲ್ಲಿವರೆಗೆ ಸರಿ. ಈಗ ನೋಡಿ: ಆ ಹೈಪೋವನ್ನು ಸಿಂಕಿಗೆ ಸುರಿದಾಗ, ಸಿಂಕಿನ ಕಲೆ ತೆಗೆಯಲು ಅಟೆಂಡರ್ ಬೆಳಿಗ್ಗೆಯೇ ಹಾಕಿಟ್ಟ ಆಸಿಡ್ ಅಲ್ಲಿದ್ದರೆ? ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆ, ಮುಖ ಸಿಂಕಿನ ಮೇಲೆ ಬಗ್ಗಿದೆ. ಅಮೋನಿಯಾ ಇದ್ದರೂ ಕೆಟ್ಟದ್ದೇ. ಪ್ಲಾಸ್ಮಿಡ್ ತೆಗೆಯುವ ಕಿಟ್ಟಿನ ದ್ರಾವಣಗಳಲ್ಲಿ ಗ್ವಾನಿಡಿನ್ ಲವಣ ಇರುತ್ತದೆ, ಅದಕ್ಕೂ ಹೈಪೋ ಸೇರಬಾರದು, ವಿಷದ ಅನಿಲ ಬರುತ್ತದೆ. ಹೈಪೋದಲ್ಲಿ ಅದ್ದಿದ ಚೀಲವನ್ನು ಆಟೋಕ್ಲೇವಿಗೂ ಹಾಕಬಾರದು. ನಾವು ಶುದ್ಧ ಮಾಡುತ್ತಿದ್ದೇವೆ ಎಂದುಕೊಂಡ ಹೊತ್ತಿನಲ್ಲೇ ಆಗುವ ಅನಾಹುತ ಇದು.

ಪ್ಲೇಟುಗಳಿಗೆ ಹೈಪೋ ಬೇಡ, ಆಟೋಕ್ಲೇವ್ ಒಂದೇ ಸಾಕು. 121 ಡಿಗ್ರಿ, 15 ಪೌಂಡ್ ಒತ್ತಡ. ಮೀಡಿಯಾಕ್ಕೆ ಇಡುವ 15 ನಿಮಿಷ ತುಂಬಿದ ಚೀಲಕ್ಕೆ ಸಾಲುವುದಿಲ್ಲ, ಮುಕ್ಕಾಲು ಗಂಟೆ ಇಡಿ. ಚೀಲದ ಬಾಯಿ ಸಡಿಲ ಇರಲಿ, ಹಬೆ ಒಳಗೆ ಹೋಗಬೇಕಲ್ಲ. ಚೀಲಕ್ಕೆ ಅಂಟಿಸಿದ ಆಟೋಕ್ಲೇವ್ ಟೇಪ್ ಕಪ್ಪಾದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ, ನಡುವಿನ ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಸತ್ತಿದೆ ಎಂದಲ್ಲ. ಹಾಗೆ ಆಟೋಕ್ಲೇವ್ ಆದ ಮೇಲೆ 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಹಳದಿ ಚೀಲಕ್ಕೆ. ನಿಮ್ಮ ಕಾಲೇಜಿಗೆ ತ್ಯಾಜ್ಯ ಒಯ್ಯುವವರು ಯಾರು, ಯಾವ ದಿನ ಬರುತ್ತಾರೆ ಎನ್ನುವುದೂ ಫಾರ್ಮಿನಲ್ಲಿ ಇರಲಿ. ಜೀನ್ ಬದಲಾಯಿಸಿದ ಜೀವಿಗಳ ಕೆಲಸಕ್ಕೆ ನಮ್ಮಲ್ಲಿ 1989ರ ನಿಯಮ ಇದೆ, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಅದರಲ್ಲಿ ಬರುತ್ತದೆ. ನಿಮ್ಮ ಪ್ರಯೋಗ ಅತಿ ಕಡಿಮೆ ಅಪಾಯದ ಗುಂಪಿನದ್ದು. ಆದರೂ ಸಮಿತಿಗೆ ತಳಿ, ಪ್ಲಾಸ್ಮಿಡ್, ಮಕ್ಕಳ ಸಂಖ್ಯೆ ಬರೆದು ಒಂದು ಪತ್ರ ಕೊಟ್ಟಿರಿ.

ಈಗ ಹಾಳೆ. ಹಲವರು ತೀವ್ರತೆಗೆ 1ರಿಂದ 5, ಸಾಧ್ಯತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುತ್ತಾರೆ. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಗುಣಾಕಾರವನ್ನು ಪೂರ್ತಿ ನಂಬಬೇಡಿ. ಕೈಗೆ ತಣ್ಣಗಾದ ಅಗಾರ್ ಅಂಟುವುದು ದಿನಾ ಆಗುತ್ತದೆ, ತೊಂದರೆ ಸಣ್ಣದು: 5 ಬಾರಿ 1, ಐದು. ಅಲರ್ಜಿಯಿಂದ ಉಸಿರು ಕಟ್ಟುವುದು ಅಪರೂಪ, ತೊಂದರೆ ದೊಡ್ಡದು: 1 ಬಾರಿ 5, ಅದೂ ಐದು. ಎರಡೂ ಒಂದೇ ಅಂತ ನೀವು ಒಪ್ಪುತ್ತೀರಾ? ತೀವ್ರತೆ 4 ದಾಟಿದ ಯಾವ ಸಾಲನ್ನೂ ಅಂಕ ನೋಡಿ ಬಿಡಬೇಡಿ.

ಒಂದು ಸಾಲು ಹೇಗಿರಬೇಕು ಎಂದು ಬರೆದು ತೋರಿಸುತ್ತೇನೆ: "ಹಂತ 9, ಪ್ಲೇಟಿಂಗ್. ಸ್ಪಿರಿಟ್ ಬೀಕರಿಗೆ ಬೆಂಕಿ, ಕೈ ಮತ್ತು ಮುಖ ಸುಡಬಹುದು, ಪಕ್ಕದವರಿಗೂ ತಾಗಬಹುದು. ಬೀಕರ್ ತೆಗೆದು ಆಟೋಕ್ಲೇವ್ ಮಾಡಿದ ಗಾಜಿನ ಮಣಿ ಬಳಸುತ್ತೇವೆ. ಮೇಜು ಒರೆಸುವ ಸ್ಪಿರಿಟ್ ಬಾಟಲಿ ನನ್ನ ಬಳಿ ಮಾತ್ರ. ಉಳಿದ ಅಪಾಯ: ಮಣಿ ನೆಲಕ್ಕೆ ಬಿದ್ದು ಜಾರುವುದು. ಅದಕ್ಕೆ ಪೊರಕೆ, ಟ್ರೇ." ನೋಡಿ, ಹೊಸ ಪರಿಹಾರ ತನ್ನದೇ ಸಣ್ಣ ಅಪಾಯ ತರುತ್ತದೆ. ಅದನ್ನೂ ಬರೆದಾಗಲೇ ಸಾಲು ಪೂರ್ತಿಯಾಗುತ್ತದೆ.

ಫಾರ್ಮ್ ಬರೆದ ಮೇಲೆ ಪ್ರಾಕ್ಟಿಕಲ್ಲಿನ ಎರಡು ದಿನ ಮೊದಲು ಅಟೆಂಡರ್ ಜೊತೆ, ಬಣ್ಣದ ನೀರು ಹಾಕಿಕೊಂಡು, ಶುರುವಿನಿಂದ ಸಿಂಕ್ ತೊಳೆಯುವವರೆಗೆ ಒಮ್ಮೆ ಪೂರ್ತಿ ಮಾಡಿ ನೋಡಿ. ಐಸ್ ಬಾಕ್ಸಿನಿಂದ ವಾಟರ್ ಬಾತಿಗೆ ಮಕ್ಕಳು ಟ್ಯೂಬ್ ಹಿಡಿದು ಓಡುವ ದಾರಿ ಎಲ್ಲಿ ಬರ್ನರ್ ಮೇಜನ್ನು ಹಾಯುತ್ತದೆ ಎನ್ನುವುದು ಕಾಗದದಲ್ಲಿ ಕಾಣುವುದಿಲ್ಲ, ನಡೆದಾಗ ಕಾಣುತ್ತದೆ. ಅಟೆಂಡರ್ "ಮೇಡಂ, ಈ ನಲ್ಲಿಯಲ್ಲಿ ಮಧ್ಯಾಹ್ನ ನೀರು ಬರಲ್ಲ" ಎಂದರೆ ಅದನ್ನು ತಕ್ಷಣ ಬರೆದುಕೊಳ್ಳಿ. ಸುಟ್ಟ ಕೈಯನ್ನು 20 ನಿಮಿಷ ಹರಿಯುವ ನೀರಿನಲ್ಲಿ ಹಿಡಿಯಬೇಕು, ಕಣ್ಣಿಗೆ ಏನಾದರೂ ಬಿದ್ದರೆ 15 ನಿಮಿಷ ತೊಳೆಯಬೇಕು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಬ್ಯಾಚ್ ಹಾಕಿ, ಇಲ್ಲವೇ ಅವತ್ತು ಎರಡು ಡ್ರಮ್ ನೀರು ತುಂಬಿಸಿ, ಪಕ್ಕದಲ್ಲಿ ಒಂದು ಚೊಂಬು ಇಟ್ಟಿರಿ.